‘ಹೆಚ್ಚೂಕಡಿಮೆ ಸರಿ’ ಸಾಕೇ? ಕೃತಕ ಬುದ್ಧಿಮತ್ತೆಯೂ ನಮ್ಮ ಹೊಣೆಯೂ



ಕಳೆದ ತಿಂಗಳ ಒಂದು ಭಾನುವಾರ. ಕನ್ನಡ ಬಲಿಪೂಜೆ ಮುಗಿದು, ತಮಿಳು ಪೂಜೆಗೆ ಜನ ಬರುತ್ತಿದ್ದ ಹೊತ್ತು. ದೇವಾಲಯದ ಅಂಗಳದಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: “ಏನಪ್ಪಾ, ಈಗ ಕಂಪ್ಯೂಟ್ರೇ ಎಲ್ಲಾ ಬರ್ಕೊಳ್ತದಂತೆ. ನಿನ್ ಕೆಲ್ಸ ಇರ್ತದಾ, ಹೋಗ್ತದಾ?”

“ಹೋಗಿಲ್ಲ ಅಜ್ಜಿ, ಜಾಸ್ತಿ ಆಗಿದೆ” ಎಂದೆ.

“ಅದೆಂಗಪ್ಪಾ? ಆಳು ಬಂದ್ಮೇಲೆ ಕೆಲ್ಸ ಕಮ್ಮಿ ಆಗ್ಬೇಕಲ್ವಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಫಾದರ್ ನಗುತ್ತಾ, “ಇದಕ್ಕೆ ಉತ್ತರವನ್ನು ಪತ್ರಿಕೆಗೆ ಬರೆದುಕೊಡಿ. ಈ ತಿಂಗಳ ಅಧ್ಯಯನಕ್ಕೆ ಅದೇ ಆಗಲಿ” ಎಂದರು. ಹೊಸೂರಿನಿಂದ ಅತ್ತಿಬೆಲೆ ದಾಟಿ ದಿನವೂ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ನೂರಾರು ಜನರಲ್ಲಿ ನಾನೂ ಒಬ್ಬ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಪಂಡಿತನಲ್ಲ. ನನ್ನ ದಿನನಿತ್ಯದ ಪರದಾಟದಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

1. ಈ ಯಂತ್ರ ಹೇಗೆ ಬರೆಯುತ್ತದೆ?

‘ಎ.ಐ.’ ಅಥವಾ ಕೃತಕ ಬುದ್ಧಿಮತ್ತೆ ಎಂದು ಇಂದು ಎಲ್ಲರ ಬಾಯಲ್ಲಿರುವುದು ಹೆಚ್ಚಾಗಿ ಒಂದೇ ಬಗೆಯ ಯಂತ್ರ. ಅದಕ್ಕೆ ಕೋಟಿಗಟ್ಟಲೆ ಪುಟಗಳಷ್ಟು ಬರಹವನ್ನು ತಿನ್ನಿಸಿರುತ್ತಾರೆ. ಇಷ್ಟು ಪದಗಳಾದ ಮೇಲೆ ಮುಂದಿನ ತುಣುಕು ಯಾವುದು ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಅದು ಲೆಕ್ಕಹಾಕುತ್ತದೆ. ಒಂದು ತುಣುಕು ಇಡುತ್ತದೆ, ಮತ್ತೆ ಲೆಕ್ಕಹಾಕುತ್ತದೆ, ಮತ್ತೊಂದು ಇಡುತ್ತದೆ. ಕಥೆಯೂ ಪತ್ರವೂ ಪ್ರೋಗ್ರಾಮೂ ಹುಟ್ಟುವುದು ಹೀಗೆಯೇ.

ನಮ್ಮ ಹಿರಿಯರು ‘ತಾಂತುಂ ಎರ್ಗೊ’ ಹಾಡುವುದನ್ನು ನೆನಪಿಸಿಕೊಳ್ಳಿ. ಲತೀನ್ ಭಾಷೆ ಅವರಿಗೆ ಬರುವುದಿಲ್ಲ, ಆದರೂ ಒಂದು ಸಾಲಿನ ನಂತರ ಮುಂದಿನ ಸಾಲು ತಾನಾಗಿಯೇ ನಾಲಿಗೆಗೆ ಬರುತ್ತದೆ. ಎಷ್ಟೋ ಸಲ ಕೇಳಿ ಹಾಡಿದ ಬಲ ಅದು. ಯಂತ್ರದ ಬಲವೂ ಸ್ವಲ್ಪ ಅಂಥದ್ದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸಾಲು ಮರೆತುಹೋದರೆ ನಮ್ಮ ಹಿರಿಯರು ತಡವರಿಸುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ. ಮರೆತಿದ್ದಾರೆಂದು ನಮಗೂ ತಿಳಿಯುತ್ತದೆ. ಯಂತ್ರ ಸಾಮಾನ್ಯವಾಗಿ ತಡವರಿಸುವುದಿಲ್ಲ. ತಿಳಿಯದ ಕಡೆ ಅದೇ ರಾಗಕ್ಕೆ ಹೊಂದುವ ಬೇರೊಂದು ಸಾಲನ್ನು ಕಟ್ಟಿ, ಅಷ್ಟೇ ಗಟ್ಟಿ ದನಿಯಲ್ಲಿ ಹಾಡಿಬಿಡುತ್ತದೆ. ನನ್ನ ಕಷ್ಟಗಳೆಲ್ಲ ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ.

2. ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ

ಯಂತ್ರದಿಂದ ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ. ಹಿಂದೆ ಅರ್ಧ ದಿನ ಹಿಡಿಯುತ್ತಿದ್ದ ಸಾಮಾನ್ಯ ಕೆಲಸಗಳನ್ನು ಅದು ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ. ಅರ್ಥವಾಗದ ಹಳೆಯ ಪ್ರೋಗ್ರಾಮನ್ನು ಬಿಡಿಸಿ ಹೇಳುತ್ತದೆ. ಪೂರ್ತಿ ತಪ್ಪು ಬರೆದರೂ ತೊಂದರೆಯಿಲ್ಲ, ಅಂಥದ್ದು ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. ಕಾಡುವುದು ಹೆಚ್ಚೂಕಡಿಮೆ ಸರಿಯಾಗಿರುವ ಬರಹ. ನೂರು ಸಾಲುಗಳಲ್ಲಿ ತೊಂಬತ್ತೇಳು ಚೆನ್ನಾಗಿರುತ್ತವೆ, ಉಳಿದ ಮೂರು ಅವುಗಳ ನಡುವೆ ಅವುಗಳಂತೆಯೇ ಕಾಣುತ್ತಾ ಕುಳಿತಿರುತ್ತವೆ. ಅಕ್ಕಿಯಲ್ಲಿ ಬಿಳಿ ಕಲ್ಲು ಇದ್ದಹಾಗೆ.

ಒಂದು ಉದಾಹರಣೆ. ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಂ ಭಾಗಗಳನ್ನು ನಾವು ಹೆಸರು ಹಿಡಿದು ತರಿಸಿಕೊಂಡು ಬಳಸುತ್ತೇವೆ. ಯಂತ್ರ ಕೆಲವೊಮ್ಮೆ ಇಲ್ಲದ ಹೆಸರನ್ನೇ ಹೇಳುತ್ತದೆ. ಹೆಸರು ಎಷ್ಟು ಸಹಜವಾಗಿರುತ್ತದೆಂದರೆ, ಹುಡುಕಿ ನೋಡುವವರೆಗೂ ಅದು ಸುಳ್ಳೆಂದು ತಿಳಿಯುವುದಿಲ್ಲ. ಇದರಲ್ಲಿ ಅಪಾಯವೂ ಇದೆ: ಯಂತ್ರ ಮತ್ತೆ ಮತ್ತೆ ಹೇಳುವ ಅಂಥ ಹೆಸರನ್ನು ಕಂಡುಕೊಂಡ ದುಷ್ಟನೊಬ್ಬ, ಅದೇ ಹೆಸರಿನಲ್ಲಿ ಕಳ್ಳ ಪ್ರೋಗ್ರಾಂ ಇಟ್ಟು ಕಾಯಬಹುದು.

ಇದು ನನ್ನೊಬ್ಬನ ದೂರಲ್ಲ. ಪ್ರೋಗ್ರಾಂ ಬರೆಯುವವರ ನಡುವೆ ಪ್ರತಿ ವರ್ಷ ಸ್ಟ್ಯಾಕ್ ಓವರ್‌ಫ್ಲೋ ಎಂಬ ಸಂಸ್ಥೆ ನಡೆಸುವ ಸಮೀಕ್ಷೆಯಲ್ಲಿ, 2025ರಲ್ಲಿ ಶೇಕಡ 84 ಮಂದಿ ಎ.ಐ. ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಅದರ ದೊಡ್ಡ ಕಿರಿಕಿರಿ ಯಾವುದೆಂಬ ಪ್ರಶ್ನೆಗೆ ಶೇಕಡ 66 ಮಂದಿ ಕೊಟ್ಟ ಉತ್ತರವೂ ಇದೇ: ಹತ್ತಿರ ಹತ್ತಿರ ಸರಿ, ಆದರೆ ಪೂರ್ತಿ ಸರಿಯಲ್ಲ.

ಅದೇ ವರ್ಷ ಮೆಟರ್ ಎಂಬ ಸಂಶೋಧನಾ ಸಂಸ್ಥೆ ಇನ್ನೊಂದು ಪರೀಕ್ಷೆ ನಡೆಸಿತು. ಅನುಭವಿಗಳಾದ 16 ಮಂದಿಗೆ, ಅವರಿಗೆ ಚೆನ್ನಾಗಿ ಗೊತ್ತಿರುವ ಪ್ರೋಗ್ರಾಂಗಳಲ್ಲೇ 246 ಕೆಲಸಗಳನ್ನು ಕೊಟ್ಟರು. ಕೆಲವಕ್ಕೆ ಎ.ಐ. ಬಳಸಬಹುದು, ಕೆಲವಕ್ಕೆ ಕೂಡದು. ಎ.ಐ. ಇದ್ದರೆ ಶೇಕಡ 24ರಷ್ಟು ಸಮಯ ಉಳಿಯುತ್ತದೆಂದು ಅವರು ಮೊದಲು ಅಂದಾಜು ಮಾಡಿದ್ದರು. ಗಡಿಯಾರ ನೋಡಿದರೆ, ಶೇಕಡ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಸೋಜಿಗವೆಂದರೆ ಕೆಲಸ ಮುಗಿದ ಮೇಲೂ ಅವರು ಶೇಕಡ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. 2025ರ ಆರಂಭದ ಯಂತ್ರಗಳಿಗೆ, ಅಂಥ ಕೆಲಸಗಳಿಗೆ ಸಂಬಂಧಿಸಿದ ಲೆಕ್ಕವಿದು, ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ. ಆದರೂ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಕೆಲಸ ಹಗುರವಾದಂತೆ ಅನ್ನಿಸುವುದು ಬೇರೆ, ನಿಜವಾಗಿ ಹಗುರವಾಗುವುದು ಬೇರೆ.

ನಮ್ಮ ಧರ್ಮೋಪದೇಶ ತರಗತಿಯಲ್ಲೂ ಇದನ್ನು ಕಂಡಿದ್ದೇನೆ. ಬೈಬಲ್ ರಸಪ್ರಶ್ನೆಗೆ ತಯಾರಾಗುತ್ತಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಎ.ಐ. ಕೇಳಿ ಒಂದು ವಾಕ್ಯವನ್ನೂ ಅದರ ಅಧ್ಯಾಯದ ಸಂಖ್ಯೆಯನ್ನೂ ಬರೆದುಕೊಂಡು ಬಂದಿದ್ದ. ವಾಕ್ಯ ಸುಂದರವಾಗಿತ್ತು. ಬೈಬಲ್ ತೆರೆದು ನೋಡಿದರೆ ಆ ಅಧ್ಯಾಯದಲ್ಲಿ ಅಷ್ಟು ವಾಕ್ಯಗಳೇ ಇರಲಿಲ್ಲ.

3. ರಾತ್ರಿ ಪಾಳಿಯ ಲೆಕ್ಕ

ಈಗ ನನ್ನದೇ ತಪ್ಪನ್ನು ಹೇಳಬೇಕು.

ಕಾರ್ಖಾನೆಯೊಂದರ ಕಾರ್ಮಿಕರು ಎಷ್ಟು ಗಂಟೆ ದುಡಿದರೆಂದು ಲೆಕ್ಕಹಾಕುವ ಪ್ರೋಗ್ರಾಂ ನಮ್ಮ ತಂಡಕ್ಕೆ ಬಂದಿತ್ತು. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಎರಡರ ವ್ಯತ್ಯಾಸ. ಸುಲಭದ ಕೆಲಸ, ಯಂತ್ರಕ್ಕೆ ಕೊಟ್ಟೆ. ಒಂದು ನಿಮಿಷವೂ ಆಗಲಿಲ್ಲ, ಬರೆದುಕೊಟ್ಟಿತು. ಬೆಳಿಗ್ಗೆ 6ಕ್ಕೆ ಬಂದು ಮಧ್ಯಾಹ್ನ 2ಕ್ಕೆ ಹೋದವರಿಗೆ 8 ಗಂಟೆ, ಸರಿ. 2ಕ್ಕೆ ಬಂದು ರಾತ್ರಿ 10ಕ್ಕೆ ಹೋದವರಿಗೆ 8 ಗಂಟೆ, ಸರಿ. ಅಲ್ಲಲ್ಲಿ ಟಿಪ್ಪಣಿ, ಅಚ್ಚುಕಟ್ಟಾದ ಸಾಲುಗಳು. ಅವತ್ತು ಕೆಲಸ ಬಹಳವಿತ್ತು. ಮೇಲೆ ಮೇಲೆ ನೋಡಿ ಒಪ್ಪಿಗೆ ಕೊಟ್ಟೆ.

ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವವರ ಗತಿ ಏನು? 6ರಲ್ಲಿ 22 ಕಳೆದರೆ ಮೈನಸ್ 16 ಬರುತ್ತದೆ. ನಡುವೆ ದಿನ ಬದಲಾಗಿರುವುದರಿಂದ 24 ಕೂಡಿಸಿ 8 ಮಾಡಬೇಕು. ಯಂತ್ರ ಹಾಗೆ ಮಾಡಿರಲಿಲ್ಲ. ಗಂಟೆಗಳು ಮೈನಸ್ ಆಗುವುದು ಸಲ್ಲದೆಂದು, ಅಂಥ ಕಡೆ ಸೊನ್ನೆ ಎಂದು ಬರೆದುಕೊಳ್ಳುವ ಒಂದು ಸಾಲನ್ನು ಸೇರಿಸಿತ್ತು. ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ದುಡಿದವರ ಹೆಸರಿನ ಮುಂದೆ ಸದ್ದಿಲ್ಲದೆ ಸೊನ್ನೆ ಇಟ್ಟಿತು.

ಇದನ್ನು ಹಿಡಿದದ್ದು ನಾನಲ್ಲ, ಬೇರೆ ಯಾವ ಕಂಪ್ಯೂಟರೂ ಅಲ್ಲ. ಪರೀಕ್ಷೆಗಾಗಿ ಒಂದು ತಿಂಗಳು ಹೊಸ ಪ್ರೋಗ್ರಾಮನ್ನೂ ಹಳೆಯ ಹಾಜರಿ ಪುಸ್ತಕವನ್ನೂ ಜೊತೆಯಲ್ಲಿ ನಡೆಸುತ್ತಿದ್ದರು. ಅಲ್ಲಿನ ಗುಮಾಸ್ತರೊಬ್ಬರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬೆರಳಿಟ್ಟು ಸಾಲು ಸಾಲು ನೋಡಿದರು. ಹನ್ನೊಂದು ಹೆಸರುಗಳು ತಾಳೆಯಾಗಲಿಲ್ಲ. ಸಂಬಳ ಬಟವಾಡೆ ಆಗುವ ಮೊದಲೇ ತಿಳಿದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ತಪ್ಪನ್ನು ತೋರಿಸಿದಾಗ ಯಂತ್ರ, “ನೀವು ಹೇಳಿದ್ದು ಸರಿ, ಕ್ಷಮಿಸಿ” ಎಂದು ಕೂಡಲೇ ತಿದ್ದಿಕೊಟ್ಟಿತು. ಆ ತಿದ್ದುಪಡಿಯಲ್ಲಿ ಇನ್ನೊಂದು ಎಡವಟ್ಟು: ಹೋಗುವಾಗ ಕಾರ್ಡ್ ಒತ್ತಲು ಮರೆತವರನ್ನು ಮಧ್ಯರಾತ್ರಿ 12ಕ್ಕೆ ಹೋದವರೆಂದು ಎಣಿಸುತ್ತಿತ್ತು. ಈ ಬಾರಿ ಕುಳಿತು, ಕಾಗದದ ಮೇಲೆ ಎಲ್ಲ ಬಗೆಯ ಪಾಳಿಗಳನ್ನೂ ಬರೆದುಕೊಂಡು, ಪ್ರೋಗ್ರಾಮನ್ನು ಕೈಯಾರೆ ಬರೆದೆ.

ನನ್ನ ಅಣ್ಣ ಇದೇ ಊರಿನ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು. ಬೆಳಿಗ್ಗೆ ಅವನು ಕೆಂಪು ಕಣ್ಣಿನಲ್ಲಿ ಮನೆಗೆ ಬರುವುದನ್ನು ನೋಡುತ್ತಲೇ ನಾನು ಬೆಳೆದೆ. ರಾತ್ರಿ ಪಾಳಿ ಎಂದರೇನೆಂದು ಯಂತ್ರಕ್ಕೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತಿತ್ತು. ಆದರೂ ನೋಡಲಿಲ್ಲ. ಯಂತ್ರ ಕ್ಷಮೆ ಕೇಳಿತು, ನಿಜ. ಆದರೆ ಆ ಕ್ಷಮೆಗೆ ಬೆಲೆಯಿಲ್ಲ, ಏಕೆಂದರೆ ಅದಕ್ಕೆ ಹೊಣೆಯಿಲ್ಲ. ಒಪ್ಪಿಗೆ ಕೊಟ್ಟವನು ನಾನು.

4. ಗಡಿನಾಡಿನ ಕನ್ನಡದ ಕಷ್ಟ

ಇಂಗ್ಲಿಷಿನಲ್ಲೇ ಹೀಗಾದರೆ ಕನ್ನಡದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಯಂತ್ರ ಕಲಿಯುವುದು ಬರಹದಿಂದ. ಇಂಗ್ಲಿಷಿಗೆ ಹೋಲಿಸಿದರೆ ಕಂಪ್ಯೂಟರಿಗೆ ಸಿಗುವ ಕನ್ನಡ ಬರಹ ತೀರಾ ಕಡಿಮೆ. ನಮ್ಮ ಹಳೆಯ ಪತ್ರಿಕೆಗಳು, ಹಾಡಿನ ಪುಸ್ತಕಗಳು ಹಳೆಯ ಫಾಂಟುಗಳಲ್ಲಿ ಇರುವುದುಂಟು. ಆ ಫಾಂಟಿಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯಂತ್ರಕ್ಕೂ ಅಷ್ಟೇ.

ಇನ್ನೊಂದು ಕಾರಣ ನಮ್ಮ ಲಿಪಿಯನ್ನು ಕಂಪ್ಯೂಟರು ಕೂಡಿಡುವ ರೀತಿ. ‘ಕ್ರಿಸ್ತ’ ಎಂಬ ಪದ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಅದು ಕ, ವಿರಾಮ ಚಿಹ್ನೆ, ರ, ಗುಡಿಸು, ಸ, ಮತ್ತೆ ವಿರಾಮ ಚಿಹ್ನೆ, ತ ಎಂದು ಏಳು ತುಣುಕು. ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 21. ಇಂಗ್ಲಿಷಿನಲ್ಲಿ ಬರೆದರೆ 6 ಅಕ್ಷರಕ್ಕೆ 6 ಬೈಟ್. ಆದ್ದರಿಂದಲೇ ಇಂಗ್ಲಿಷಿಗೆಂದು ಅಳತೆ ಮಾಡಿಟ್ಟ ಜಾಗದಲ್ಲಿ ಕನ್ನಡ ಹೆಸರು ನಡುವೆಯೇ ತುಂಡಾಗುವುದುಂಟು. ಎ.ಐ. ಯಂತ್ರಗಳಲ್ಲೂ ಒಂದೇ ಮಾತಿಗೆ ಕನ್ನಡದಲ್ಲಿ ಹೆಚ್ಚು ತುಣುಕುಗಳು ಬೇಕಾಗುವುದು ಸಾಮಾನ್ಯ.

ಹಲವು ಭಾಷೆಗಳ ನಡುವೆ ಬದುಕುವ ನಮಗೆ ಹೆಸರಿನದೇ ದೊಡ್ಡ ಫಜೀತಿ. ಜ್ಞಾನಸ್ನಾನದ ಪುಸ್ತಕದಲ್ಲಿ ‘ಚೌರಪ್ಪ’, ತಮಿಳಿನ ರೇಷನ್ ಕಾರ್ಡಿನಲ್ಲಿ ‘ಸವರಿಯಪ್ಪನ್’, ಶಾಲೆಯ ದಾಖಲೆಯಲ್ಲಿ ‘ಕ್ಸೇವಿಯರ್’. ಮೂರೂ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರೇ, ಮೂರೂ ಒಬ್ಬನೇ ಮನುಷ್ಯ. ನಮ್ಮ ಉಪದೇಶಿಗಳನ್ನು ಕೇಳಿದರೆ ಕ್ಷಣದಲ್ಲಿ ಹೇಳುತ್ತಾರೆ. ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಜನ. ಪಿಂಚಣಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿ ಅಲೆದವರಿಗೆ ಇದರ ನೋವು ಗೊತ್ತು. ಇಂಥ ಕಡೆ ಊರಿನ ನೆನಪನ್ನು ಬಲ್ಲ ಮನುಷ್ಯನೊಬ್ಬ ಇರಲೇಬೇಕು.

5. ಕೈಬಿಟ್ಟ ವಿದ್ಯೆ

ನನಗೆ ಹೆಚ್ಚು ಆತಂಕ ತರುವುದು ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳ ವಿಷಯ. ನಮ್ಮ ತಂಡಕ್ಕೆ ಬಂದ ಹುಡುಗನೊಬ್ಬ ಬರೆದ ಪ್ರೋಗ್ರಾಂ ನೋಡಿ, “ಈ ಸಾಲು ಯಾಕೆ ಬೇಕು?” ಎಂದು ಕೇಳಿದೆ. “ಗೊತ್ತಿಲ್ಲ ಸರ್, ಎ.ಐ. ಕೊಟ್ಟಿದ್ದು. ಓಡ್ತಾ ಇದೆ” ಎಂದ. ಅವನು ಸೋಮಾರಿಯಲ್ಲ, ಬುದ್ಧಿವಂತ. ಆದರೆ ಬೇಗ ಮುಗಿಸು ಎಂಬ ಒತ್ತಡ ಅವನ ಮೇಲೂ ಇದೆ. ತಪ್ಪು ಮಾಡಿ, ಅದನ್ನು ಹುಡುಕಿ, ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ನಾವು ಕಲಿತ ವಿದ್ಯೆಯನ್ನು ಕಲಿಯಲು ಅವನಿಗೆ ಹೊತ್ತೇ ಸಿಗುತ್ತಿಲ್ಲ.

ಇದು ಹೊಸ ಎಚ್ಚರಿಕೆಯೇನಲ್ಲ. 1983ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಡ್ಜ್ ಅವರು ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳ ಬಗ್ಗೆ ಒಂದು ಪ್ರಬಂಧ ಬರೆದರು. ಅದರ ತಿರುಳು ಹೀಗೆ: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಮನುಷ್ಯನಿಗೆ ಉಳಿಯುವುದು ಎರಡು, ಯಂತ್ರವನ್ನು ಕಾಯುವುದು ಮತ್ತು ಅದು ಕೈಕೊಟ್ಟಾಗ ಕಷ್ಟದ ಕೆಲಸಕ್ಕೆ ಕೈಹಾಕುವುದು. ಆದರೆ ದಿನವೂ ಮಾಡದ ಕೆಲಸದಲ್ಲಿ ಕೈ ತಪ್ಪುತ್ತದೆ. ಹೀಗಾಗಿ ಯಂತ್ರ ಒಳ್ಳೆಯದಾದಷ್ಟೂ ಅದನ್ನು ಕಾಯುವವನಿಗೆ ಹೆಚ್ಚು ತರಬೇತಿ ಬೇಕು.

ಎ.ಐ. ಇಲ್ಲದ ಕಡೆಯೂ ಇದು ನಿಜ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟಿನಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ಆ ದಿನ ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಕಾಗದ, ಪೆನ್ನು, ಅದನ್ನು ಬಳಸಲು ಬಲ್ಲ ಮನುಷ್ಯ ಇದ್ದದ್ದರಿಂದ ಕೆಲಸ ಸಾಗಿತು.

6. ಧರ್ಮಸಭೆಯ ಮಾತು

ದುಡಿಯುವವರ ಬದುಕನ್ನು ಯಂತ್ರ ಬದಲಿಸುವಾಗ ಧರ್ಮಸಭೆ ಹಿಂದೆಯೂ ಮಾತಾಡಿದೆ. 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ಕೂಲಿಯ ಬಗ್ಗೆ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, ತಾವು ಆ ಹೆಸರನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣವೆಂದು ಕಾರ್ಡಿನಲರ ಮುಂದೆ ತಿಳಿಸಿದರು. ಇಂದು ಕೃತಕ ಬುದ್ಧಿಮತ್ತೆ ದುಡಿಮೆಯ ಘನತೆಗೆ ಒಡ್ಡಿರುವ ಸವಾಲನ್ನೂ ಅಲ್ಲಿ ನೆನಪಿಸಿದರು.

ಅದೇ ವರ್ಷದ ಜನವರಿ 28ರಂದು ವ್ಯಾಟಿಕನ್ ಹೊರತಂದ ‘ಆಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿ ನೇರವಾಗಿ ಈ ವಿಷಯದ ಮೇಲೆಯೇ ಇದೆ. ಎ.ಐ. ಮನುಷ್ಯನ ಬುದ್ಧಿಯಿಂದ ಹುಟ್ಟಿದ್ದು, ಅದು ಮನುಷ್ಯನಿಗೆ ಬದಲಿಯಲ್ಲ, ಹೊಣೆ ಮನುಷ್ಯನದೇ, ಅದನ್ನು ಬಳಸುವ ರೀತಿಯಿಂದ ದುಡಿಯುವವರ ಕೌಶಲವೇ ಕುಂದಬಹುದು ಎಂಬ ಎಚ್ಚರಿಕೆ ಅದರಲ್ಲಿದೆ. ಆ ಹೆಸರಿನ ಅರ್ಥ ‘ಹಳತು ಮತ್ತು ಹೊಸತು’. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯೊಡೆಯನ ಕುರಿತು ಯೇಸುಸ್ವಾಮಿ ಹೇಳಿದ ಮಾತಿನ (ಮತ್ತಾಯ 13:52) ನೆನಪು ಅದು. ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಹೊಸ ಪ್ರೋಗ್ರಾಮಿನ ಪಕ್ಕದಲ್ಲಿ ಹಳೆಯ ಹಾಜರಿ ಪುಸ್ತಕವನ್ನಿಟ್ಟುಕೊಂಡ ಆ ಗುಮಾಸ್ತರು.

7. ನಾವು ಏನು ಮಾಡಬಹುದು?

ಒಂದು: ಉತ್ತರ ತಪ್ಪಾದರೆ ನಷ್ಟ ಯಾರಿಗೆ ಎಂದು ಮೊದಲು ಕೇಳಿಕೊಳ್ಳಿ. ಹುಟ್ಟುಹಬ್ಬದ ಕವಿತೆ ತಪ್ಪಾದರೆ ನಗಬಹುದು. ಔಷಧ, ಜಮೀನು, ಕೂಲಿ, ಸಾಲ ಎಂದರೆ ಬಲ್ಲವರಿಗೆ ತೋರಿಸದೆ ಮುಂದುವರಿಯಬೇಡಿ.

ಎರಡು: ಮೂಲವನ್ನು ತೆರೆದು ನೋಡಿ. ಬೈಬಲ್ ವಾಕ್ಯವಾದರೆ ಬೈಬಲ್, ಸರ್ಕಾರಿ ಯೋಜನೆಯಾದರೆ ಆ ಕಚೇರಿ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವಂತೆ ಸಂತ ಪೌಲರು ಥೆಸಲೋನಿಕದವರಿಗೆ ಹೇಳಿದ ಬುದ್ಧಿಮಾತು ಇಲ್ಲಿಗೂ ಸಲ್ಲುತ್ತದೆ.

ಮೂರು: ಮಕ್ಕಳು ಮೊದಲು ತಾವೇ ಪ್ರಯತ್ನಿಸಲಿ, ಆಮೇಲೆ ಯಂತ್ರವನ್ನು ಕೇಳಲಿ. “ಉತ್ತರ ಏನು?” ಎಂದು ಕೇಳಿದ ಮೇಲೆ “ಅದು ಯಾಕೆ ಹಾಗೆ?” ಎಂದೂ ಮನೆಯಲ್ಲಿ ಕೇಳಿ.

ನಾಲ್ಕು: ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಓಟಿಪಿ, ಮನೆಯ ಗುಟ್ಟುಗಳನ್ನು ಇಂಥ ಯಂತ್ರಗಳಲ್ಲಿ ಬರೆಯಬೇಡಿ.

ಐದು: ಹಳೆಯ ಪುಸ್ತಕಗಳನ್ನು ಎಸೆಯಬೇಡಿ. ತಾಳೆ ನೋಡಲು ಬೇರೊಂದು ಇದ್ದಾಗಲೇ ತಪ್ಪು ಕಾಣುತ್ತದೆ.

ಕೊನೆಗೆ ಅಜ್ಜಿಯ ಪ್ರಶ್ನೆ. ಹೋದ ಭಾನುವಾರ ಅವರಿಗೆ ಉತ್ತರ ಹೇಳಿದೆ: “ಅಜ್ಜಿ, ಆಳು ಬಂದಿದ್ದಾನೆ. ಬಲು ಚುರುಕು. ಆದ್ರೆ ತಪ್ಪಾದ್ರೂ ಸರಿಯಾದ್ರೂ ಒಂದೇ ಥರ ನಗ್ತಾನೆ. ಅದಕ್ಕೆ ನಾನು ಪಕ್ಕದಲ್ಲೇ ನಿಂತಿರಬೇಕು.” ಅಜ್ಜಿ ಸ್ವಲ್ಪ ಯೋಚಿಸಿ ಹೇಳಿದರು: “ಸರಿ ಬಿಡು. ಬದು ಮೇಲೆ ಯಜಮಾನ ಇಲ್ದಿದ್ರೆ, ಎಂಥಾ ಆಳಾದ್ರೂ ಅಷ್ಟೇ.”

ಕಿರು ಸಮುದಾಯಗಳ (ಅನ್ಬಿಯಂ) ಚರ್ಚೆಗೆ

1. ಮೊಬೈಲ್ ಅಥವಾ ಕಂಪ್ಯೂಟರ್ ಹೇಳಿದ್ದನ್ನು ಪರೀಕ್ಷಿಸದೆ ನಂಬಿ ತೊಂದರೆಯಾದ ಸಂದರ್ಭ ನಿಮ್ಮ ಮನೆಯಲ್ಲಿ ನಡೆದಿದೆಯೇ? ತಪ್ಪು ಹೇಗೆ ತಿಳಿಯಿತು?
2. ರಾತ್ರಿ ಪಾಳಿಯ ಪ್ರಸಂಗದಲ್ಲಿ ಹೊಣೆ ಯಾರದು: ಯಂತ್ರದ್ದೇ, ಒಪ್ಪಿಗೆ ಕೊಟ್ಟವನದೇ, ಬೇಗ ಮುಗಿಸಲು ಒತ್ತಾಯಿಸಿದವರದೇ?
3. ನಮ್ಮ ಕೆಲಸಗಳಲ್ಲಿ ಯಾವ ಕೈಚಳಕವನ್ನು ನಾವು ಮರೆಯುತ್ತಿದ್ದೇವೆ? ಅದನ್ನು ಮಕ್ಕಳಿಗೆ ಕಲಿಸಬಲ್ಲವರು ಯಾರಿದ್ದಾರೆ?
4. ಈ ತಿಂಗಳ ಕೆಲಸ: ನಿಮ್ಮ ಮನೆಯವರ ಹೆಸರು ಜ್ಞಾನಸ್ನಾನದ ದಾಖಲೆ, ಆಧಾರ್, ರೇಷನ್ ಕಾರ್ಡು, ಶಾಲೆಯ ದಾಖಲೆಗಳಲ್ಲಿ ಹೇಗೆ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ವ್ಯತ್ಯಾಸವಿದ್ದರೆ ತಿದ್ದಿಸಲು ಯುವಜನರು ಹಿರಿಯರಿಗೆ ನೆರವಾಗಲಿ.